ಕ್ರೇಪ್ ಮೇಕರ್‌ನಲ್ಲಿ ತೊಡದೇವು: 37 ಹಾಳೆ ಹಾಳು, ಇನ್ನೇನು ಮಾಡಲಿ?

ಕೋಡಿಬಾಗದ ಕುಕ್ಕರ್

ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಬೇಡಿ. ಗೊತ್ತಿಲ್ಲದವರಿಗೆ, ತೊಡದೇವು ಅಂದರೆ ಅಕ್ಕಿಯನ್ನು ಕಬ್ಬಿನ ಹಾಲಿನಲ್ಲಿ (ಕಬ್ಬಿನ ರಸದಲ್ಲಿ) ರುಬ್ಬಿ, ಕವುಚಿದ ಮಡಕೆಯ ಮೇಲೆ ಕಾಗದದಷ್ಟು ತೆಳ್ಳಗೆ ಮಾಡುವ ನಮ್ಮ ಕಡೆಯ ಗರಿಗರಿ ಸಿಹಿ ತಿಂಡಿ.

ನನ್ನ ತವರು ಶಿರಸಿ ಹತ್ತಿರದ ಒಂದು ಹಳ್ಳಿ. ಮದುವೆಯಾಗಿ ಕಾರವಾರಕ್ಕೆ ಬಂದು 11 ವರ್ಷ ಆಯಿತು, ಕೋಡಿಬಾಗದಲ್ಲಿ ಮೂರನೇ ಮಹಡಿಯ ಫ್ಲ್ಯಾಟು. ಮೀನಿನ ಊರಿಗೆ ಬಂದೂ ಮೀನು ತಿನ್ನುವುದಿಲ್ಲವಲ್ಲ ಪಾಪ ಅಂತ ಪಕ್ಕದ ಮನೆಯವರಿಗೆ ನನ್ನ ಮೇಲೆ ಇನ್ನೂ ಕನಿಕರ. ಅದಕ್ಕೇ ಇರಬೇಕು, ನನ್ನ ಹುಚ್ಚೆಲ್ಲ ಸಿಹಿ ತಿಂಡಿ ಕಡೆ ತಿರುಗಿದೆ. ಅದರ ಜೊತೆ ಇನ್ನೊಂದು ಹುಚ್ಚು, ಅಡುಗೆಮನೆ ಯಂತ್ರಗಳದ್ದು. ಹಾಲುಬಾಯಿಗೆ ಸಿಲಿಕೋನ್ ಅಚ್ಚು ತಂದೆ, ಹೃದಯದ ಆಕಾರದ್ದು. ಹಾಲುಬಾಯಿ ಚೆನ್ನಾಗೇ ಬಂತು, ಆದರೆ ಮಾವನವರು ಒಂದು ತುಂಡು ಕೈಯಲ್ಲಿ ಹಿಡಿದು "ಇದು ಸೋಪಾ?" ಅಂತ ಕೇಳಿದರು. ಹೋದ ವರ್ಷ ನಾಗರ ಪಂಚಮಿಗೆ ಏರ್ ಫ್ರೈಯರ್‌ನಲ್ಲಿ ಪಾತೋಳಿ (ಅರಿಶಿನ ಎಲೆಯಲ್ಲಿ ಮಡಚಿ ಬೇಯಿಸುವ ಸಿಹಿ ಕಡುಬು) ಮಾಡಲು ಹೋಗಿ ಆದ ಕಥೆಯನ್ನು ಮನೆಯಲ್ಲಿ ಯಾರೂ ಇನ್ನೂ ಮರೆತಿಲ್ಲ. ಒಳಗೆ ಫ್ಯಾನ್ ಜೋರಾಗಿ ತಿರುಗುತ್ತದಲ್ಲ, ಅರಿಶಿನ ಎಲೆಯ ತುದಿ ಬಿಚ್ಚಿಕೊಂಡು ಮೇಲೆ ಹಾರಿ ಕೆಂಪಗೆ ಕಾದ ಕಾಯಿಲ್‌ಗೆ ಅಂಟಿತು. ಹಬೆಯಲ್ಲಿ ಬೆಂದರೆ ಮನೆಯೆಲ್ಲ ಘಮಘಮ ಅನ್ನುವ ಅದೇ ಎಲೆ, ಸುಟ್ಟರೆ ಹಳೇ ಚಪ್ಪಲಿ ಸುಟ್ಟ ವಾಸನೆ ಬರುತ್ತದೆ ಅಂತ ಆವತ್ತು ಗೊತ್ತಾಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಡಿಸೆಂಬರ್‌ನಲ್ಲಿ ಒಂದು ವಿಡಿಯೋ ನೋಡಿದೆ. ಉದ್ದ ಹಿಡಿಕೆಯ ಒಂದು ಕರೆಂಟಿನ ತವಾ, ಮೇಲ್ಮೈ ಸ್ವಲ್ಪ ಉಬ್ಬು. ಅದು ಬಿಸಿಯಾದ ಮೇಲೆ ಬೋರಲು ಮಾಡಿ ಹಿಟ್ಟಿನ ತಟ್ಟೆಗೆ ಮುಟ್ಟಿಸಿ ಎತ್ತಿದರೆ ತೆಳ್ಳಗೆ ಒಂದು ಪದರ ಅಂಟಿಕೊಂಡು ಬರುತ್ತದೆ, ಅರ್ಧ ನಿಮಿಷದಲ್ಲಿ ಬೆಂದು ತಾನೇ ಬಿಡುತ್ತದೆ. ಕ್ರೇಪ್ ಮೇಕರ್ ಅಂತೆ. ಅದನ್ನು ನೋಡಿದ ಕೂಡಲೇ ನನ್ನ ಕಣ್ಣೆದುರು ಬಂದದ್ದು ಅಜ್ಜಿಯ ತೊಡದೇವು ಮಡಕೆ! ಕವುಚಿ ಹಾಕಿದ ಮಡಕೆ, ಅಡಿಯಲ್ಲಿ ಬೆಂಕಿ, ಮೇಲೆ ಕಾಗದದಂಥ ಹಾಳೆ. ಇದೂ ಅದೇ ಅಲ್ವಾ ಅಂದುಕೊಂಡು ಆವತ್ತೇ ತರಿಸಿಕೊಂಡೆ.

ಸಂಕ್ರಾಂತಿ ಕಳೆದ ಮೇಲೆ ತವರಲ್ಲಿ ಆಲೆಮನೆ ಶುರುವಾಯಿತು. ತಮ್ಮ 5 ಲೀಟರ್ ಕ್ಯಾನಿನ ತುಂಬ ಕಬ್ಬಿನ ಹಾಲು ತುಂಬಿಸಿ ಬೆಳಗಿನ ಬಸ್ಸಿಗೆ ಹಾಕಿದ. ಅಲ್ಲಿಂದ ಇಲ್ಲಿಗೆ 120 ಕಿಲೋಮೀಟರ್ ಮೇಲೇ ಆಗುತ್ತದೆ. ದೇವಿಮನೆ ಘಟ್ಟ ಇಳಿದು, ಕುಮಟಾ ಅಂಕೋಲಾ ಎಲ್ಲ ಮುಗಿಸಿ ಕ್ಯಾನು ನನ್ನ ಕೈಗೆ ಸಿಗುವಾಗ ಮಧ್ಯಾಹ್ನ ಮೂರು ಗಂಟೆ. ಮುಚ್ಚಳ ತಿರುಗಿಸಿದರೆ ಬುಸ್ ಅಂತ ನೊರೆ ಉಕ್ಕಿ ಸೀರೆಯೆಲ್ಲ ಅಂಟಂಟು. ಸ್ವಲ್ಪ ಹುಳಿ ವಾಸನೆಯೂ ಇತ್ತು. ಆದರೂ ಚೆಲ್ಲಲು ಮನಸ್ಸು ಬರಲಿಲ್ಲ. 200 ಗ್ರಾಂ ಅಕ್ಕಿ ನೆನೆಸಿಟ್ಟಿದ್ದೆ, ಅದಕ್ಕೆ ಅರ್ಧ ಲೀಟರ್ ಕಬ್ಬಿನ ಹಾಲು ಹಾಕಿ ಮಿಕ್ಸಿಯಲ್ಲಿ ರುಬ್ಬಿದೆ. ಡಿಜಿಟಲ್ ತಕ್ಕಡಿಯಲ್ಲಿ ತೂಗಿಯೇ ಮಾಡಿದ್ದು, ಕಣ್ಣಳತೆಯಲ್ಲಿ ಅಲ್ಲ.

ಮೊದಲ 12 ಹಾಳೆ ತವಾ ಬಿಟ್ಟು ಏಳಲೇ ಇಲ್ಲ. ಅಂಚು ಕಪ್ಪು, ನಡುವೆ ಹಸಿ. ಆಮೇಲೆ ಸ್ವಲ್ಪ ತುಪ್ಪ ಸವರಿ ನೋಡಿದೆ, ಹಿಟ್ಟು ಅಂಟಲೇ ಇಲ್ಲ, ಜಾಳುಜಾಳಾಗಿ ಮೀನಿನ ಬಲೆಯ ಹಾಗಾಯಿತು. ಮಾರನೇ ದಿನ ಕಬ್ಬಿನ ಹಾಲಿನ ಬದಲು ಜೋನಿ ಬೆಲ್ಲ (ಹರಿಯುವ ಬೆಲ್ಲ) ನೀರಲ್ಲಿ ಕರಗಿಸಿ ಮಾಡಿದೆ. ಈ ಸಲ ಎದ್ದಿತು, ಆದರೆ ದೋಸೆ! ಮೆತ್ತಗೆ, ದಪ್ಪಗೆ, ಎಳೆದರೆ ರಬ್ಬರ್. ಮೂರನೇ ದಿನ ಸಂಜೆ ಒಂದೇ ಒಂದು ಹಾಳೆ ಸರಿಯಾಗಿ ಬಂತು. ಬೆಳಕಿಗೆ ಹಿಡಿದರೆ ಆಚೆಯ ಕೈ ಕಾಣುತ್ತಿತ್ತು. ಮಗಳನ್ನು ಕರೆದು ತೋರಿಸುವಷ್ಟರಲ್ಲಿ ಅದೂ ಬಾಡಿದ ಬಾಳೆಲೆಯ ಹಾಗೆ ಜೋತುಬಿತ್ತು.

ಲೆಕ್ಕ ಹಾಕಿದರೆ ಒಟ್ಟು 37 ಹಾಳೆ. ಯಜಮಾನರು ಒಂದು ಮಾತೂ ಆಡಲಿಲ್ಲ. ಸುಮ್ನೆ ಎಲ್ಲವನ್ನೂ ಹಾಲಿಗೆ ಹಾಕಿಕೊಂಡು ತಿಂದರು, ಅದೇ ಜಾಸ್ತಿ ಬೇಜಾರಾಯಿತು.

ಈಗ ಹೇಳಿ. ಈ ಯಂತ್ರದಲ್ಲಿ ತೊಡದೇವು ಆಗುತ್ತದಾ ಇಲ್ಲವಾ? ಕಬ್ಬಿನ ಹಾಲು ಸಿಗದಿದ್ದರೆ ಏನು ಹಾಕಬೇಕು? ಮತ್ತೆ ಈ ಕಾರವಾರದ ಗಾಳಿಗೆ ಅದು ಗರಿಗರಿಯಾಗಿ ಉಳಿಯುವುದು ಹೇಗೆ? ಸಮುದ್ರ ನಮ್ಮ ಕಿಟಕಿಗೆ ಕಾಣುವಷ್ಟು ಹತ್ತಿರ ಇದೆ.

ಪ್ಯಾಕೆಟ್ ಪ್ರಿಯ

ಶಿರಸಿ ಪೇಟೆಯಲ್ಲಿ ಪ್ಯಾಕೆಟ್ ಮಾಡಿ ಮಾರುತ್ತಾರಲ್ಲ ಅಕ್ಕಾ. ತಮ್ಮನಿಗೆ ಹೇಳಿ, ಮುಂದಿನ ಸಲ ಕ್ಯಾನಿನ ಬದಲು ಅದನ್ನೇ ಬಸ್ಸಿಗೆ ಹಾಕಲಿ. ಉಕ್ಕುವುದಿಲ್ಲ.

ಆಲೆಮನೆ ಅತ್ತಿಗೆ

ಮೇಲಿನವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಪ್ಯಾಕೆಟ್ಟಿನದ್ದು ಚೆನ್ನಾಗೇ ಇರುತ್ತದೆ, ಆದರೆ ಒಲೆಯ ಎದುರು ಕೂತು ಮಡಚಿದ್ದನ್ನು ಬಿಸಿಯಲ್ಲೇ ತಿನ್ನುವುದು ಬೇರೆ.

ನಾನು ಸಿದ್ದಾಪುರ ಕಡೆಯವಳು. ಪ್ರತಿ ವರ್ಷ ನಮ್ಮ ಆಲೆಮನೆ ಮುಗಿಯುವ ವಾರ ತೊಡದೇವು ಎರೆಯುತ್ತೇವೆ. ನೋಡಿ, ಹೆಸರಿನಲ್ಲೇ ಇದೆ. ತೊಡೆಯುವುದು ಅಂದರೆ ಬಳಿಯುವುದು, ಸವರುವುದು. ನೀವು ಬಳಿಯಲಿಲ್ಲ, ಅದ್ದಿದಿರಿ. ಅದ್ದಿದರೆ ಎಷ್ಟು ಅಂಟುತ್ತದೆ ಅನ್ನುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ, ಹಿಟ್ಟು ಹೇಳಿದಷ್ಟು ಅಂಟುತ್ತದೆ. ನಾವು ಒಂದು ಕೋಲಿಗೆ ಬಟ್ಟೆ ಸುತ್ತಿಕೊಂಡು, ಹಿಟ್ಟಲ್ಲಿ ಅದ್ದಿ, ಮಡಕೆಯ ಬೆನ್ನ ಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ಒಂದೇ ಸಲ ಎಳೆಯುತ್ತೇವೆ. ನಿಲ್ಲಿಸುವ ಹಾಗಿಲ್ಲ, ಹಿಂದೆ ಬರುವ ಹಾಗಿಲ್ಲ. ಎಳೆಯುವಾಗ ಚುಯ್ಯ್ ಅಂತ ಒಂದು ಸದ್ದು ಬರುತ್ತದೆ. ಸದ್ದು ಬರಲಿಲ್ಲ ಅಂದರೆ ಮಡಕೆ ಕಾದಿಲ್ಲ. ಚಟಪಟ ಅಂದರೆ ಕಾದದ್ದು ಜಾಸ್ತಿ, ಎರಡು ಕೊಳ್ಳಿ ಹಿಂದೆ ಎಳೆಯಿರಿ. ನಿಮ್ಮ ಅಜ್ಜಿಗೂ ಈ ಸದ್ದೇ ಥರ್ಮಾಮೀಟರ್ ಆಗಿದ್ದಿರಬೇಕು.

ಇಬ್ಬರು ಬೇಕು. ಒಬ್ಬರು ಬಳಿಯುವುದಕ್ಕೆ, ಇನ್ನೊಬ್ಬರು ತುಪ್ಪ ಚಿಮುಕಿಸಿ, ಏಲಕ್ಕಿ ಸೇರಿಸಿದ ಸಕ್ಕರೆ ಪುಡಿ ಉದುರಿಸಿ, ಅಂಚು ಬಿಡಿಸಿ ಮಡಚುವುದಕ್ಕೆ. ಮಡಚುವುದು ಮಡಕೆಯ ಮೇಲೆ ಇರುವಾಗಲೇ. ಕೆಳಗಿಳಿಸಿ ಆಮೇಲೆ ಮಡಚುತ್ತೇನೆ ಅಂದರೆ ಅಷ್ಟರೊಳಗೆ ಗಟ್ಟಿಯಾಗಿ ಮುರಿಯುತ್ತದೆ. ನಮ್ಮಲ್ಲಿ ಅತ್ತೆ ಬಳಿಯುತ್ತಾರೆ, ನಾನು ಮಡಚುವವಳು. 14 ವರ್ಷ ಆಯಿತು, ಇನ್ನೂ ಬಡ್ತಿ ಸಿಕ್ಕಿಲ್ಲ.

ಹಿಟ್ಟಿನ ಬಗ್ಗೆ. ಮಿಕ್ಸಿ ಬೇಡ. ಅಕ್ಕಿ 4 ಗಂಟೆ ನೆನೆಯಲಿ, ಆಮೇಲೆ ಗ್ರೈಂಡರ್‌ನಲ್ಲಿ ಅರ್ಧ ಗಂಟೆಗೆ ಕಮ್ಮಿ ಇಲ್ಲದ ಹಾಗೆ ರುಬ್ಬಿ. ಎರಡು ಬೆರಳ ನಡುವೆ ಉಜ್ಜಿದರೆ ತರಿ ಸಿಗಬಾರದು. ಕೊನೆಗೆ ತೆಳು ಬಟ್ಟೆಯಲ್ಲಿ ಸೋಸಿ, ನೀರು ಮಜ್ಜಿಗೆಯ ಹದಕ್ಕೆ ತನ್ನಿ. ಅಕ್ಕಿ ಹಿಟ್ಟು ಬೇಗ ತಳಕ್ಕೆ ಕೂರುತ್ತದೆ, ಪ್ರತಿ ಸಲ ಕಲಕಿಯೇ ಅದ್ದಬೇಕು. ನಿಮ್ಮದು ಮೊದಲು ತೆಳ್ಳಗೆ, ಆಮೇಲೆ ದೋಸೆ ಆದದ್ದಕ್ಕೆ ಇದೂ ಒಂದು ಕಾರಣ ಇರಬಹುದು.

ಮತ್ತೆ, ಮಡಕೆ ಬಿಟ್ಟು ಬೇರೆ ಯಾವುದರಲ್ಲೂ ಇದು ಆಗುವುದಿಲ್ಲ ಅಂತ ನನ್ನ ಅಭಿಪ್ರಾಯ. ಹೊಸ ಮಡಕೆಯೂ ಆಗುವುದಿಲ್ಲ, ಎಣ್ಣೆ ಕುಡಿಸಿ ಕುಡಿಸಿ ಪಳಗಿಸಬೇಕು. ನಮ್ಮ ಮನೆಯದ್ದು ಎಷ್ಟು ಹಳೆಯದು ಅಂತ ಯಾರಿಗೂ ಗೊತ್ತಿಲ್ಲ, ಅದನ್ನು ಮಕ್ಕಳು ಮುಟ್ಟಿದರೆ ಅತ್ತೆಯ ಧ್ವನಿ ತೋಟದವರೆಗೆ ಕೇಳುತ್ತದೆ.

ಫ್ಯೂಸ್ ಮಾಮ

ನಾನು ಹೊನ್ನಾವರದಲ್ಲಿ ಮಿಕ್ಸಿ, ಗ್ರೈಂಡರ್, ಇಸ್ತ್ರಿ ಪೆಟ್ಟಿಗೆ ರಿಪೇರಿ ಮಾಡಿಕೊಂಡಿದ್ದವನು, ಈಗ ಅಂಗಡಿ ಮಗನಿಗೆ ಬಿಟ್ಟಿದ್ದೇನೆ. ಅಡುಗೆ ನನಗೆ ಗೊತ್ತಿಲ್ಲ. ಯಂತ್ರದ ಬಗ್ಗೆ ಎರಡು ಮಾತು ಹೇಳುತ್ತೇನೆ.

ಅದರ ತಳ ನೋಡಿ, ಎಷ್ಟು ವ್ಯಾಟ್ ಅಂತ ಬರೆದಿರುತ್ತದೆ. 900 ಅಂತ ಇಟ್ಟುಕೊಳ್ಳೋಣ. ಅದು 230 ವೋಲ್ಟ್ ಇದ್ದಾಗ ಮಾತ್ರ. ಕಾಯಿಲ್‌ನ ಶಾಖ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 180 ವೋಲ್ಟಿಗೆ ಇಳಿಯಿತು ಅಂದರೆ ಸುಮಾರು 550 ವ್ಯಾಟ್ ಅಷ್ಟೇ. ಅಂದರೆ ವೋಲ್ಟೇಜು ಐದರಲ್ಲಿ ಒಂದು ಪಾಲು ಹೋದರೆ ಶಾಖ ಐದರಲ್ಲಿ ಎರಡು ಪಾಲು ಹೋಯಿತು. ಸಂಜೆ ಎಲ್ಲರ ಮನೆಯಲ್ಲೂ ಗೀಸರ್, ಮೋಟರ್ ಓಡುವಾಗ, ಹಳೇ ಕಟ್ಟಡದ ಸಪೂರ ವೈರಿಂಗ್‌ನಲ್ಲಿ ಇದು ಏನೂ ದೊಡ್ಡ ವಿಷಯ ಅಲ್ಲ. ಆದರೆ ನಿಮ್ಮ ಒಳ್ಳೆಯ ಹಾಳೆ ಬಂದದ್ದೂ ಸಂಜೆಯೇ ಅಂದಿರಿ, ಹಾಗಾಗಿ ಪೂರ್ತಿ ತಪ್ಪು ವೋಲ್ಟೇಜಿನ ಮೇಲೆ ಹಾಕುವುದಿಲ್ಲ.

ಎರಡನೆಯದು ಥರ್ಮೋಸ್ಟಾಟ್. ಒಳಗೆ ಎರಡು ಲೋಹದ ಪಟ್ಟಿ ಒಟ್ಟಿಗೆ ಅಂಟಿಸಿದ್ದು ಇರುತ್ತದೆ, ಬಿಸಿಗೆ ಬಾಗಿ ಕರೆಂಟ್ ಕಡಿಯುತ್ತದೆ, ತಣ್ಣಗಾದ ಮೇಲೆ ಮತ್ತೆ ಕೂಡಿಸುತ್ತದೆ. ಲೈಟ್ ಆರಿದ ಕೂಡಲೇ ಅದ್ದಿದರೆ ತವಾ ತುಂಬಾ ಬಿಸಿ, ಲೈಟ್ ಹೊತ್ತುವ ಸ್ವಲ್ಪ ಮುಂಚೆ ಅದ್ದಿದರೆ ತಣ್ಣಗೆ. ತವಾದ ತಗಡು ತೆಳು ಬೇರೆ, ತಣ್ಣನೆ ಹಿಟ್ಟು ಮುಟ್ಟಿದ ಕೂಡಲೇ ಶಾಖ ಕುಸಿಯುತ್ತದೆ. ಮಣ್ಣಿನ ಮಡಕೆ ಹಾಗಲ್ಲ, ದಪ್ಪ ಗೋಡೆ, ಶಾಖ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಲೈಟ್ ಆರಿದ ಮೇಲೆ 10 ಎಣಿಸಿ ಅದ್ದಿ, ಪ್ರತಿ ಸಲವೂ ಅಷ್ಟೇ ಎಣಿಸಿ. ಆಗ ಒಂದೇ ಥರ ಬರುತ್ತದೆ, ಚೆನ್ನಾಗಿರಲಿ ಕೆಟ್ಟದಾಗಿರಲಿ.

ಮತ್ತೆ ಅಂಟಿದ ಬೆಲ್ಲ ಕೆರೆಯಲು ಸ್ಟೀಲ್ ಸೌಟು ಹಾಕಿದ್ದೀರೋ ಏನೋ. ಹಾಕಿದ್ದರೆ ಆ ನಾನ್‌ಸ್ಟಿಕ್ ಮುಗಿಯಿತು ಅಂತ ತಿಳಿಯಿರಿ.

ಕೋಡಿಬಾಗದ ಕುಕ್ಕರ್

ಮಾಮ, ಸ್ಟೀಲ್ ಸೌಟು ಹಾಕಿಲ್ಲ. ಮೊಗುಚುವ ಕೈ ಹಾಕಿದೆ. ಅದೂ ಸ್ಟೀಲೇ ಅಂತ ಈಗ ನೆನಪಾಯಿತು.

ಇಶಾಡಿನ ಟೀಚರ್

ಅಂಕೋಲಾದಿಂದ. ಕೆಮಿಸ್ಟ್ರಿ ಪಾಠ ಮಾಡುವವಳು, ಅಭ್ಯಾಸಬಲದಿಂದ ಉದ್ದ ಆದರೆ ಕ್ಷಮಿಸಿ.

ಕುಕ್ಕರ್ ಅವರೇ, ನಿಮ್ಮ ಮೊದಲ 12 ಹಾಳೆ ಕಪ್ಪಾದದ್ದಕ್ಕೆ ಆ ನೊರೆಯೇ ಕಾರಣ ಅಂತ ನನಗೆ ಅನಿಸುತ್ತದೆ. ಕಬ್ಬಿನ ಹಾಲಿನಲ್ಲಿ ಇರುವುದು ಹೆಚ್ಚಿನಂಶ ಸುಕ್ರೋಸ್, ನಾವು ದಿನಾ ಚಹಾಕ್ಕೆ ಹಾಕುವ ಸಕ್ಕರೆಯೇ. ಅದು ಬಣ್ಣ ತಿರುಗಲು 160 ಡಿಗ್ರಿ ದಾಟಬೇಕು. ಹಾಲು ಹುಳಿಯುವಾಗ ಗಾಳಿಯಲ್ಲಿದ್ದ ಯೀಸ್ಟು ಆ ಸುಕ್ರೋಸನ್ನು ಒಡೆದು ಗ್ಲುಕೋಸ್, ಫ್ರಕ್ಟೋಸ್ ಮಾಡುತ್ತದೆ. ಫ್ರಕ್ಟೋಸ್ 110 ಡಿಗ್ರಿ ಹತ್ತಿರವೇ ಕೆಂಪಾಗಲು ಶುರು ಮಾಡುತ್ತದೆ. ಅಕ್ಕಿ ಬೇಯುವ ಮೊದಲೇ ಸಕ್ಕರೆ ಸುಟ್ಟಿತು. ಅಂಚು ಕಪ್ಪು, ನಡುವೆ ಹಸಿ ಅಂದಿರಲ್ಲ, ಅದೇ.

ಜೋನಿ ಬೆಲ್ಲದ್ದೂ ಹೆಚ್ಚುಕಮ್ಮಿ ಅದೇ ಕಥೆ. ಜೋನಿ ಗಟ್ಟಿಯಾಗದೆ ಹರಿಯುವ ಹಾಗೇ ಉಳಿಯುತ್ತದಲ್ಲ, ಅದರಲ್ಲಿ ಈ ಒಡೆದ ಸಕ್ಕರೆ ಅಚ್ಚು ಬೆಲ್ಲಕ್ಕಿಂತ ಜಾಸ್ತಿ ಇರುತ್ತದೆ. ಫ್ರಕ್ಟೋಸಿಗೆ ಇನ್ನೊಂದು ಚಟ, ಗಾಳಿಯಲ್ಲಿರುವ ನೀರನ್ನು ಹೀರುವುದು. ಕಾರವಾರದ ಕಡಲ ಗಾಳಿ, ಜೋನಿ ಬೆಲ್ಲದ ಹಾಳೆ! ಜೋತುಬೀಳದೆ ಇನ್ನೇನು ಮಾಡುತ್ತದೆ. ಶಿರಸಿ ಸಮುದ್ರದಿಂದ ಸುಮಾರು 600 ಮೀಟರ್ ಮೇಲಿದೆ, ಜನವರಿ ಫೆಬ್ರವರಿಯಲ್ಲಿ ಅಲ್ಲಿನ ಗಾಳಿ ಒಣಗಾಳಿ. ನಮ್ಮಲ್ಲಿ ಉಪ್ಪಿನ ಡಬ್ಬಿಯೇ ಒದ್ದೆ.

ಹಾಗಾಗಿ ತಾಜಾ ಕಬ್ಬಿನ ಹಾಲು ಇಲ್ಲದಿದ್ದರೆ ಜೋನಿ ಬಿಡಿ. ಕಬ್ಬಿನ ಹಾಲಿನಲ್ಲಿ ಸಕ್ಕರೆ ನೂರಕ್ಕೆ 16ರಿಂದ 20ರಷ್ಟು ಇರುತ್ತದೆ. ಅದೇ ಲೆಕ್ಕದಲ್ಲಿ ಅರ್ಧ ಲೀಟರ್ ನೀರಿಗೆ 100 ಗ್ರಾಂ ಸಕ್ಕರೆ ಸಾಕು. ಬೆಲ್ಲದ ಪರಿಮಳ ಬೇಕೇ ಬೇಕು ಅಂದರೆ ಅದರಲ್ಲಿ ಕಾಲು ಪಾಲು ಗಟ್ಟಿ ಅಚ್ಚು ಬೆಲ್ಲ ಹಾಕಿ. ಕಬ್ಬಿನ ಹಾಲೇ ಬೇಕಾದರೆ ತಮ್ಮನಿಗೆ ಅದನ್ನು ಒಂದು ಕುದಿ ಬರಿಸಿ, ಆರಿಸಿ, ಐಸಿಟ್ಟ ಡಬ್ಬಿಯಲ್ಲಿ ಕಳಿಸಲು ಹೇಳಿ. ಕುದಿಸಿದರೆ ಯೀಸ್ಟು ಸಾಯುತ್ತದೆ, ಕಪ್ಪಾಗುವುದೂ ನಿಲ್ಲುತ್ತದೆ. ರುಚಿ ಸ್ವಲ್ಪ ಬದಲಾಗುತ್ತದೆ, ಅದು ನಿಜ.

ಅತ್ತಿಗೆಯವರ ಮಡಕೆ ವಾದಕ್ಕೆ ನನ್ನದೂ ಒಂದು ಬೆಂಬಲ, ಒಂದು ತಕರಾರು. ಬೆಂಬಲ ಏನು ಅಂದರೆ, ಮಣ್ಣಿಗೆ ಸಣ್ಣ ಸಣ್ಣ ರಂಧ್ರ ಇರುತ್ತವೆ. ಹಿಟ್ಟು ಮುಟ್ಟಿದ ಕ್ಷಣ ಸ್ವಲ್ಪ ನೀರು ಹೀರಿಕೊಳ್ಳುತ್ತದೆ, ಹಾಗಾಗಿ ಪದರ ಹರಿಯದೆ ನಿಲ್ಲುತ್ತದೆ. ನಾನ್‌ಸ್ಟಿಕ್ ಇದಕ್ಕೆ ಉಲ್ಟಾ. ನೀರನ್ನು ದೂಡುವುದೇ ಅದರ ಕೆಲಸ, ಕೆಸುವಿನ ಎಲೆಯ ಹಾಗೆ. ಮಜ್ಜಿಗೆಯಷ್ಟು ತೆಳು ಹಿಟ್ಟನ್ನು ಅದರ ಮೇಲೆ ಕಾಗದದಷ್ಟು ತೆಳ್ಳಗೆ ನಿಲ್ಲಿಸಲು ಹೋದರೆ ಬಲೆಯಾಗುತ್ತದೆ. ಕ್ರೇಪ್ ಹಿಟ್ಟಿಗೆ ಮೈದಾ, ಮೊಟ್ಟೆ, ಹಾಲು ಇರುತ್ತದೆ, ಅದು ಹಿಡಿದುಕೊಳ್ಳುತ್ತದೆ. ಅಕ್ಕಿಗೆ ಆ ಅಂಟು ಇಲ್ಲ.

ತಕರಾರು ಏನು ಅಂದರೆ, ಮಡಕೆಯೇ ಆಗಬೇಕು ಅಂತಿಲ್ಲ. ನಾನು ಹಳೇ ಕಬ್ಬಿಣದ ಬಾಣಲೆ ಕವುಚಿ ಹಾಕಿ ಮಾಡಿದ್ದೇನೆ. ಬಂದಿದೆ.

ಆಲೆಮನೆ ಅತ್ತಿಗೆ

ಟೀಚರ್, ಬಂದಿದೆ ಅಂದರೆ ಎಷ್ಟು ತೆಳ್ಳಗೆ? ಪೇಪರ್ ಓದಲು ಬರುತ್ತದಾ ಅದರ ಮೂಲಕ?

ಇಶಾಡಿನ ಟೀಚರ್

ಹೆಡ್‌ಲೈನ್ ಓದಬಹುದು.

ಆಲೆಮನೆ ಅತ್ತಿಗೆ

ನಮ್ಮದರಲ್ಲಿ ಮರಣ ವಾರ್ತೆಯೂ ಓದಬಹುದು.

ಫ್ಯೂಸ್ ಮಾಮ

ಬಾಣಲೆ ಗ್ಯಾಸಿನ ಮೇಲೆ ಕವುಚುವವರು ಒಂದು ನಿಮಿಷ ನಿಲ್ಲಿ. ಬರ್ನರ್ ಮೇಲೆ ಸಪಾಟಾಗಿ ಕವುಚಿ ಮುಚ್ಚಿಬಿಟ್ಟರೆ ಉರಿಗೆ ಗಾಳಿ ಸಿಗುವುದಿಲ್ಲ. ಉರಿ ಹಳದಿಯಾಗಿ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ, ಅದಕ್ಕೆ ವಾಸನೆ ಇಲ್ಲ. ಜೊತೆಗೆ ಶಾಖ ಕೆಳಗೆ ತಿರುಗಿ ನಾಬ್ ಕರಗುತ್ತದೆ, ಪೈಪ್ ಕಾಯುತ್ತದೆ. ನನ್ನ ಅಂಗಡಿಗೆ ಹಾಗೆ ಕರಗಿದ ನಾಬ್‌ನ ಎರಡು ಒಲೆ ಬಂದಿದ್ದವು. ಸುತ್ತಲೂ ಎರಡು ಬೆರಳಷ್ಟು ಸಂದಿ ಇರುವ ಹಾಗೆ ಎತ್ತರದ ಕಬ್ಬಿಣದ ಸ್ಟ್ಯಾಂಡ್ ಇಟ್ಟು ಮಾಡಿ, ಕಿಟಕಿ ತೆಗೆದಿಡಿ. ಇದ್ದಿಲ ಒಲೆ ಹಾಕುವುದಾದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಬೇಡವೇ ಬೇಡ. ಇಂಡಕ್ಷನ್ ಮೇಲೆ ಮಡಕೆ ಇಡುತ್ತೇನೆ ಅಂತ ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ, ಅದು ಕಾಯುವುದೇ ಇಲ್ಲ. ಅಯಸ್ಕಾಂತ ಅಂಟುವ ಪಾತ್ರೆಯೇ ಬೇಕು ಅದಕ್ಕೆ.

ಗೋದಾವರಿ ಗುಂಗು

ಕನ್ನಡದವನೇ, ಕೆಲಸ ರಾಜಮಂಡ್ರಿಯಲ್ಲಿ, ಊರು ಯಲ್ಲಾಪುರ. ಇಲ್ಲಿ ಹತ್ತಿರದ ಆತ್ರೇಯಪುರದಲ್ಲಿ ಪೂತರೇಕುಲು ಅಂತ ಮಾಡುತ್ತಾರೆ, 2023ರಲ್ಲಿ ಜಿಐ ಟ್ಯಾಗ್ (ಇದು ಇಂಥ ಊರಿನದ್ದೇ ಅನ್ನುವ ಸರ್ಕಾರಿ ಗುರುತು) ಕೂಡ ಸಿಕ್ಕಿದೆ. ಮೊದಲ ಸಲ ನೋಡಿದಾಗ ಅರೆ ನಮ್ಮ ತೊಡದೇವು ಅಂತ ಕೂಗಿಯೇಬಿಟ್ಟೆ. ಅದೇ ಕವುಚಿದ ಮಡಕೆ, ಅದೇ ಅಕ್ಕಿ ಹಿಟ್ಟು, ಅದೇ ಬಟ್ಟೆ. ಆದರೆ ಒಂದು ವ್ಯತ್ಯಾಸ. ಇವರ ಹಿಟ್ಟಿನಲ್ಲಿ ಸಿಹಿ ಇರುವುದಿಲ್ಲ. ಬರೀ ಅಕ್ಕಿ, ನೀರು. ಬೆಳ್ಳಗಿನ ಹಾಳೆ ಮೊದಲು ಮಾಡಿ ಪೇರಿಸಿಟ್ಟುಕೊಂಡು, ಆಮೇಲೆ ಸ್ವಲ್ಪ ಒದ್ದೆ ಮಾಡಿ ಮೆತ್ತಗಾಗಿಸಿ, ತುಪ್ಪ, ಬೆಲ್ಲದ ಪುಡಿ ಹಾಕಿ ಸುತ್ತುತ್ತಾರೆ. ಹಾಗಾಗಿ ಸುಡುವ, ಅಂಟುವ ಕಾಟ ಕಮ್ಮಿ. ಕುಕ್ಕರ್ ಅಕ್ಕ ಮೊದಲು ಸಿಹಿ ಇಲ್ಲದ ಹಿಟ್ಟಿನಲ್ಲಿ ಕೈ ಕೂರಿಸಿಕೊಳ್ಳಬಹುದು. ಬೆಳಗಾವಿ ಕಡೆಯ ಮಂಡಿಗೆಯೂ ಕವುಚಿದ ಮಡಕೆಯ ಮೇಲೇ ಬೇಯುವುದು, ಆದರೆ ಅದು ಹೋಳಿಗೆ ಜಾತಿಯದ್ದು, ಹೂರಣ ತುಂಬಿ ಕೈಯಲ್ಲಿ ಹಿಗ್ಗಿಸುವುದು. ಅದನ್ನು ಮನೆಯಲ್ಲಿ ಮಾಡಲು ಹೋಗಬೇಡಿ, ನಾನು ಹೋಗಿದ್ದೆ.

ಪ್ಯಾಕೆಟ್ ಪ್ರಿಯ

ಅಂದರೆ 37 ಹಾಳೆಗೆ ಖರ್ಚು ಮಾಡಿದ ಕರೆಂಟು, ಅಕ್ಕಿ, ಬಸ್ ಚಾರ್ಜು ಎಲ್ಲ ಕೂಡಿಸಿದರೆ ಎಷ್ಟು ಪ್ಯಾಕೆಟ್ ಬರುತ್ತಿತ್ತು ಅಂತ ಯಾರಾದರೂ ಲೆಕ್ಕ ಹಾಕುತ್ತೀರಾ?

ಇಶಾಡಿನ ಟೀಚರ್

ನೀವೇ ಹಾಕಿ ಹೇಳಿ, ಮನೆಗೆಲಸ ಅಂತ ತಿಳಿಯಿರಿ.

ಕುಕ್ಕರ್ ಅವರೇ, ಗರಿಗರಿ ಬಗ್ಗೆ ಬಿಟ್ಟುಹೋಗಿತ್ತು. ನಿಮ್ಮಲ್ಲಿ ಓಟಿಜಿ (ಕರೆಂಟಿನ ಓವನ್) ಇದ್ದೇ ಇರುತ್ತದೆ, ಇಷ್ಟೆಲ್ಲ ಇರುವವರು. 100 ಡಿಗ್ರಿಯಲ್ಲಿ 4 ನಿಮಿಷ ಇಟ್ಟು ತೆಗೆಯಿರಿ. ಬಿಸಿಯಲ್ಲಿ ಮೆತ್ತಗೇ ಇರುತ್ತದೆ, ಹೆದರಬೇಡಿ, ಆರಿದ ಮೇಲೆ ಗರಿ ಬರುತ್ತದೆ. ಪೂರ್ತಿ ಆರಿದ ಮೇಲೆ ಸ್ಟೀಲ್ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿ. ಬಿಸಿ ಇರುವಾಗ ಮುಚ್ಚಿದರೆ ಒಳಗೇ ಬೆವರುತ್ತದೆ.

ಕ್ರೇಪ್ ಮೇಕರ್ ಎಸೆಯಬೇಡಿ. ನಮ್ಮ ಪಕ್ಕದ ಗೋವಾದಲ್ಲಿ ಆಲೆಬೆಲೆ ಅಂತ ಮಾಡುತ್ತಾರೆ, ಕ್ರೇಪಿನಂಥ ತೆಳು ದೋಸೆಯ ಒಳಗೆ ಕಾಯಿತುರಿ ಬೆಲ್ಲದ ಹೂರಣ ಸುತ್ತಿದ್ದು. ಅದಕ್ಕೆ ಈ ಯಂತ್ರ ಹೇಳಿ ಮಾಡಿಸಿದ್ದು. ಮೇ ತಿಂಗಳಲ್ಲಿ ನಾನು ಹೂರಣಕ್ಕೆ ನಮ್ಮ ಕರಿ ಇಶಾಡು ಮಾವಿನ ರಸ ಕೂಡ ಹಾಕುತ್ತೇನೆ, ಗಟ್ಟಿಯಾಗುವವರೆಗೆ ಕಾಯಿಸಿ. ಅದರ ಜಿಐ ಟ್ಯಾಗ್ ಕೂಡ 2023ರದ್ದೇ, ಗೋದಾವರಿಯವರು ಗಮನಿಸಬೇಕು.

ಕೋಡಿಬಾಗದ ಕುಕ್ಕರ್

ಮೂರು ವಾರ ಆಯಿತು ಬರೆಯದೆ. ಸುದ್ದಿ ಇದೆ.

ಮೊದಲು ಸಿಹಿ ಇಲ್ಲದ ಹಿಟ್ಟು ಯಂತ್ರದಲ್ಲಿ ಪ್ರಯತ್ನಿಸಿದೆ. ಗ್ರೈಂಡರ್‌ನಲ್ಲಿ ರುಬ್ಬಿ, ಸೋಸಿ, 10 ಎಣಿಸಿ ಅದ್ದಿದೆ. ಮಾಮ ಹೇಳಿದ ಹಾಗೆ ಎಲ್ಲ ಒಂದೇ ಥರ ಬಂತು, ಎಲ್ಲವೂ ತೆಳ್ಳೇವು, ಅಂದರೆ ತೆಳು ದೋಸೆ! ಮಗಳಿಗೆ ಖುಷಿಯೋ ಖುಷಿ. ಈಗ ಬೆಳಿಗ್ಗೆ ಅವಳ ಶಾಲೆಯ ಡಬ್ಬಿಗೆ ಅದರಲ್ಲೇ 6 ತೆಳ್ಳೇವು, ಜೋನಿ ಬೆಲ್ಲ, ತುಪ್ಪ. ಮೊಗುಚುವ ಕೈಯಿಂದ ಕೆರೆದ ಜಾಗದಲ್ಲಿ ಮಾತ್ರ ಒಂದು ತೂತು ಬೀಳುತ್ತದೆ, ಪ್ರತಿ ತೆಳ್ಳೇವಿಗೂ ಅದೇ ಜಾಗದಲ್ಲಿ, ಸೀಲು ಒತ್ತಿದ ಹಾಗೆ. ಅದನ್ನು ನೋಡಿ ಪಕ್ಕದ ಮನೆಯವರು ತವಾ ಬದಲಿಸಿಬಿಡಿ, ಅದರ ಲೇಪ ಹೊಟ್ಟೆಗೆ ಹೋಗುತ್ತದೆ ಅಂತ ಹೆದರಿಸಿದ್ದಾರೆ, ಬದಲಿಸಬೇಕು.

ತೊಡದೇವಿಗೆ ಮಾತ್ರ ಮಡಕೆಯೇ ಬೇಕು ಅಂತ ಅಮ್ಮನಿಗೆ ಫೋನ್ ಮಾಡಿದೆ. ಅಜ್ಜಿಯ ಮಡಕೆ ಅಟ್ಟದ ಮೇಲೆ ಇದೆ, ಆದರೆ ಬಸ್ಸಿಗೆ ಕೊಡುವುದಿಲ್ಲ ಅಂದರು. "ಕಬ್ಬಿನ ಹಾಲು ಹೋದರೆ ಹೋತು, ಮಡಕೆ ಹೋದರೆ ಎಂತ ಮಾಡದು?" ಕೊನೆಗೆ ತಮ್ಮನೇ ಕಾರಿನಲ್ಲಿ ತಂದ. ಹಿಂದಿನ ಸೀಟಿನಲ್ಲಿ ಮಡಕೆ, ಒಣಹುಲ್ಲು ಸುತ್ತಿ, ಸೀಟ್ ಬೆಲ್ಟ್ ಹಾಕಿ. ಅವನ ಹೆಂಡತಿ ಮಗು ಎತ್ತಿಕೊಂಡು ಮುಂದೆ. ಕಬ್ಬಿನ ಹಾಲು ಕುದಿಸಿ ಐಸಿನಲ್ಲಿಟ್ಟು ತಂದಿದ್ದ, ಒಂದು ಚೂರೂ ಹುಳಿ ಬಂದಿರಲಿಲ್ಲ.

ಟೆರೇಸಿನ ಮೇಲೆ ಇದ್ದಿಲ ಒಲೆ ಹಾಕಿದೆವು. ತಮ್ಮನ ಹೆಂಡತಿ ಬಳಿಯುವುದು, ನಾನು ಮಡಚುವುದು. ಮೊದಲ 11 ಹೋಯಿತು. ಹನ್ನೆರಡನೆಯದಕ್ಕೆ ಆ ಸದ್ದು ಬಂತು. ಚುಯ್ಯ್ ಅಂತ, ಅತ್ತಿಗೆ ಬರೆದ ಹಾಗೇ. ನನಗೆ 25 ವರ್ಷದಿಂದ ಮರೆತೇಹೋಗಿತ್ತು ಆ ಸದ್ದು. ಬಣ್ಣ ತಿರುಗುವುದು ಅಂಚಿನಿಂದ ಶುರುವಾಗುತ್ತದೆ, ಮೊದಲು ಬಿಳಿ, ಆಮೇಲೆ ಹಳದಿ, ಆಮೇಲೆ ನಡುವೆ ಚುಕ್ಕೆ ಚುಕ್ಕೆ ಕಂದು. ಅಂಚು ತಾನಾಗೇ ಒಂದು ಕೂದಲಷ್ಟು ಮೇಲೆದ್ದಿತು, ಅಲ್ಲಿ ಉಗುರು ಹಾಕಿದರೆ ಪೂರ್ತಿ ಹಾಳೆ ಬಿಟ್ಟಿತು. ಆಮೇಲೆ 40 ಮಾಡಿದೆವು. ಎಡಗೈಯ ಎರಡು ಬೆರಳು ಸುಟ್ಟಿದೆ, ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೆಳಗಿನ ಮನೆಯವರು ಹೊಗೆ ಬರುತ್ತಿದೆ ಅಂತ ಜಗಳಕ್ಕೆ ಮೇಲೆ ಬಂದರು, ನಾಲ್ಕು ತಿಂದು ಎರಡು ಕಟ್ಟಿಸಿಕೊಂಡು ಹೋದರು. ಉಳಿದದ್ದಕ್ಕೆ ಟೀಚರ್ ಹೇಳಿದ ಓಟಿಜಿ ಉಪಾಯ, ನಾಲ್ಕನೇ ದಿನದವರೆಗೂ ಗರಿಗರಿ ಇತ್ತು. ಐದನೇ ದಿನ ನೋಡುವಾಗ ಡಬ್ಬಿ ಖಾಲಿ.

ಒಂದೇ ತೊಂದರೆ. ಬಟ್ಟೆಗೆ ಅಂತ ಯಜಮಾನರ ಪಂಚೆಯ ಅಂಚು ಹರಿದುಕೊಂಡಿದ್ದೆ, ಅದು ನಡುವೆ ಕರಗಿ ಮಡಕೆಗೆ ಹಸಿರು ಗೆರೆ ಅಂಟಿತು. ಪಂಚೆ ಹೇಗೆ ಕರಗುತ್ತದೆ ಅಂತ ಅರ್ಥವೇ ಆಗಲಿಲ್ಲ. ಯಾವ ಬಟ್ಟೆ ಹಾಕಬೇಕು ಅತ್ತಿಗೆ? ಮತ್ತೆ ಆ ಗೆರೆ ತೆಗೆಯುವುದು ಹೇಗೆ, ಅಮ್ಮ ಮಡಕೆ ವಾಪಸ್ ಕೇಳುವ ಮೊದಲು?

ಆಲೆಮನೆ ಅತ್ತಿಗೆ

ಅಯ್ಯೋ, ಅಂಚು ಯಾಕೆ ಹಾಕಿದಿರಿ! ಈಗಿನ ಪಂಚೆಯ ಅಂಚಿನಲ್ಲಿ ಪಾಲಿಯೆಸ್ಟರ್ ನೂಲು ಇರುತ್ತದೆ. ನಡುವಿನ ಭಾಗ ಬೇಕು, ಪೂರ್ತಿ ಹತ್ತಿಯದ್ದು, ನೂರು ಸಲ ಒಗೆದು ಮೆತ್ತಗಾದದ್ದು. ಒಂದು ದಾರ ಎಳೆದು ಸುಟ್ಟು ನೋಡಿ. ಬೂದಿಯಾದರೆ ಹತ್ತಿ, ಉಂಡೆಯಾದರೆ ಬೇಡ.

ಗೆರೆಗೆ ಸೋಪು ಮುಟ್ಟಿಸಬೇಡಿ, ಮಡಕೆ ಹೀರಿಕೊಳ್ಳುತ್ತದೆ. ಮಡಕೆ ಪೂರ್ತಿ ತಣ್ಣಗಾದ ಮೇಲೆ ಉಗುರಿನಲ್ಲಿ ಕೀಳಿ, ಉಳಿದದ್ದನ್ನು ಒಣ ತೆಂಗಿನ ಸಿಪ್ಪೆಯ ನಾರಿನಿಂದ ಮೆಲ್ಲಗೆ ಉಜ್ಜಿ. ಆಮೇಲೆ ಎಣ್ಣೆ ಸವರಿ ಕಾಯಿಸಿ. ಮುಂದಿನ ಸಲದ ಮೊದಲ ಐದಾರು ಹಾಳೆ ಎಸೆಯಿರಿ, ತಿನ್ನಬೇಡಿ.

ಬಳಿದದ್ದು ತಮ್ಮನ ಹೆಂಡತಿ ಅಂದಿರಿ. ಅವಳಿಗೆ ಮೊದಲ ವರ್ಷವೇ ಬಳಿಯಲು ಕೊಟ್ಟಿರಾ?